ಮಳೆಗಾಲದಲ್ಲೂ ಉರಿಯುವ ಅಂಗಳದ ಸೋಲಾರ್ ದೀಪ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಮನೆಗಳಿಗೆ ಸಮಗ್ರ ಮಾರ್ಗದರ್ಶಿ

ದೀಪಾವಳಿಗೆ ಗೇಟಿನ ಬಳಿ ನಿಲ್ಲಿಸಿದ ಸೋಲಾರ್ ದೀಪ ಯುಗಾದಿಯವರೆಗೆ ಚೆನ್ನಾಗಿ ಉರಿಯುತ್ತದೆ. ಕಾರಹುಣ್ಣಿಮೆ ಕಳೆದು ಮೋಡ ಮುಸುಕಿದ ಮೇಲೆ ರಾತ್ರಿ ಒಂಬತ್ತಕ್ಕೇ ಆರಿಹೋಗುತ್ತದೆ. ಪಂಚಮಿಯ ಹೊತ್ತಿಗೆ ಹೊತ್ತುವುದೇ ಇಲ್ಲ. ಹೊಸದೊಂದು ತಂದರೆ ಅದೂ ಮುಂದಿನ ಮಳೆಗಾಲ ದಾಟುವುದಿಲ್ಲ.

ಇಂಥ ಹೆಚ್ಚಿನ ಮನೆಗಳಲ್ಲಿ ತಪ್ಪಿರುವುದು ಕೆಲಸದ ಅನುಕ್ರಮ. ಮೊದಲು ದೀಪ ಕೊಳ್ಳುತ್ತಾರೆ, ಆಮೇಲೆ ಜಾಗ ಹುಡುಕುತ್ತಾರೆ, ಬ್ಯಾಟರಿಯ ಯೋಚನೆ ಬರುವುದು ದೀಪ ಆರಿದ ನಂತರ. ಇಲ್ಲಿ ಹೇಳುವ ಕ್ರಮ ಅದಕ್ಕೆ ಪೂರ್ತಿ ವಿರುದ್ಧ: ಮೊದಲು ಬೇಡಿಕೆ ಇಳಿಸುವುದು, ಬಳಿಕ ನೆರಳು ನೋಡುವುದು, ಆಮೇಲೆ ಲೆಕ್ಕ, ಕೊನೆಗೆ ಖರೀದಿ. ಹಂತಗಳನ್ನು ಹಿಂದುಮುಂದು ಮಾಡಬೇಡಿ.

ಬೇಕಾಗುವ ಸಲಕರಣೆಗಳು

ಮಲ್ಟಿಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ದುಬಾರಿಯದು ಬೇಕಿಲ್ಲ, ಡಿಸಿ ವೋಲ್ಟ್ ತೋರಿಸಿದರೆ ಸಾಕು. ದೀಪ ಕೆಟ್ಟಿದೆಯೋ, ಬ್ಯಾಟರಿ ಸೋತಿದೆಯೋ, ಪ್ಯಾನೆಲ್‌ಗೆ ಬಿಸಿಲು ಬೀಳುತ್ತಿಲ್ಲವೋ ಎಂಬುದನ್ನು ಎರಡು ನಿಮಿಷದಲ್ಲಿ ಹೇಳುವ ಸಾಧನ ಅದೊಂದೇ. ಉಳಿದಂತೆ ಅಳತೆ ಟೇಪು, ರಸಮಟ್ಟ, ಹಿಡಿಕೆಗೆ ಪ್ಲಾಸ್ಟಿಕ್ ಹೊದಿಕೆಯಿರುವ ಸ್ಪ್ಯಾನರ್ ಮತ್ತು ಸ್ಕ್ರೂಡ್ರೈವರ್, ತಂತಿಯ ಸಿಪ್ಪೆ ಸುಲಿಯುವ ಇಕ್ಕಳ, ಪ್ಯಾನೆಲ್ ಮುಚ್ಚಲು ಒಂದು ದಪ್ಪ ಗೋಣಿಚೀಲ, ಗುಂಡಿ ತೋಡಲು ಹಾರೆ.

ಹಂತ 1: ಮನೆಯೊಳಗಿನ ದೀಪಗಳನ್ನು ಬದಲಿಸಿ

ಸೋಲಾರ್‌ಗೆ ಹಣ ಹಾಕುವ ಮುನ್ನ ಒಳಗಿನ ಹಳೆಯ ದೀಪಗಳನ್ನು ತೆಗೆಯಿರಿ. 9 ವ್ಯಾಟ್‌ನ ಒಳ್ಳೆಯ ಎಲ್‌ಇಡಿ ಬಲ್ಬು 800ರಿಂದ 900 ಲುಮೆನ್ ಬೆಳಕು ಕೊಡುತ್ತದೆ. ಹಳೆಯ 60 ವ್ಯಾಟ್ ಬಲ್ಬು ಕೊಡುತ್ತಿದ್ದದ್ದೂ ಹೆಚ್ಚುಕಡಿಮೆ ಅಷ್ಟೇ. ಚೋಕ್ ಇರುವ 40 ವ್ಯಾಟ್ ಟ್ಯೂಬ್‌ಲೈಟ್, ಚೋಕ್ ತಿನ್ನುವುದನ್ನೂ ಸೇರಿಸಿದರೆ ಸುಮಾರು 50 ವ್ಯಾಟ್ ಎಳೆಯುತ್ತದೆ. ಅದರ ಜಾಗಕ್ಕೆ 20 ವ್ಯಾಟ್‌ನ ಎಲ್‌ಇಡಿ ಪಟ್ಟಿ ಸಾಕು. ದಿನಕ್ಕೆ ಆರು ಗಂಟೆ ಉರಿಸುವ ಒಂದೇ ಟ್ಯೂಬ್‌ನಲ್ಲಿ ತಿಂಗಳಿಗೆ ಐದು ಯೂನಿಟ್‌ಗೂ ಹೆಚ್ಚು ಉಳಿಯುತ್ತದೆ.

‘ಗೃಹಜ್ಯೋತಿ ಇದೆಯಲ್ಲ, ಉಳಿಸಿ ಏನು ಮಾಡುವುದು’ ಎಂದು ಕೇಳುವವರಿದ್ದಾರೆ. ಆ ಯೋಜನೆಯಲ್ಲಿ ನಿಮಗೆ ನಿಗದಿಯಾದ ಮಿತಿ ದಾಟಿದ ಯೂನಿಟ್‌ಗಳಿಗೆ ಹಣ ಕಟ್ಟಬೇಕು. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ನಿಮ್ಮದೇ. ಬೇಸಿಗೆಯಲ್ಲಿ ಫ್ಯಾನು, ಕೂಲರ್ ಓಡುವ ಮನೆಗಳಿಗೆ ಈ ಗೆರೆ ಬಹಳ ಹತ್ತಿರ.

ಕೊಳ್ಳುವಾಗ ವ್ಯಾಟ್ ಅಲ್ಲ, ಲುಮೆನ್ ನೋಡಿ. ಬಿಐಎಸ್ ಗುರುತು ಮತ್ತು ಸ್ಟಾರ್ ಲೇಬಲ್ ಇರುವುದನ್ನೇ ತನ್ನಿ. ಓದುವ ಕೋಣೆ, ಅಡುಗೆಮನೆಗೆ 4000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಸುತ್ತಲಿನ ಬಿಳಿ, ಪಡಸಾಲೆ, ಅಂಗಳಕ್ಕೆ 2700ರಿಂದ 3000 ಕೆಲ್ವಿನ್ ಹಳದಿ ಹಿತವಾಗಿರುತ್ತದೆ. ಮಾಳಿಗೆ ಮನೆಯಲ್ಲಿ ಬೆಳಕಿಂಡಿ ಮುಚ್ಚಿಹೋಗಿದ್ದರೆ ತೆರೆದು ಗಾಜು ಕೂರಿಸಿ. ಹಗಲು ಹೊತ್ತು ದೀಪವೇ ಬೇಕಾಗುವುದಿಲ್ಲ.

ಹಂತ 2: ಯಾವ ದೀಪ ಸೋಲಾರ್‌ಗೆ ಎಂದು ತೀರ್ಮಾನಿಸಿ

ಎಲ್ಲ ದೀಪಗಳನ್ನೂ ಸೋಲಾರ್‌ಗೆ ತರುವುದು ಅನಗತ್ಯ. ಒಳಗಿನ ಕೋಣೆಗಳು ಹೆಸ್ಕಾಂ ವಿದ್ಯುತ್ತಿನಲ್ಲೇ ಇರಲಿ. ಗೇಟು, ನಡೆಯುವ ದಾರಿ, ಹಿತ್ತಲು, ದನದ ಕೊಟ್ಟಿಗೆ, ಜೊತೆಗೆ ಕರೆಂಟು ಹೋದಾಗ ಬೇಕಾಗುವ ಅಡುಗೆಮನೆಯ ಒಂದು ದೀಪ, ಇವಿಷ್ಟನ್ನು ಸೋಲಾರ್‌ಗೆ ಕೊಡಿ. ಒಂದು ಹಾಳೆಯಲ್ಲಿ ಪ್ರತಿ ದೀಪದ ಮುಂದೆ ವ್ಯಾಟ್ ಎಷ್ಟು, ರಾತ್ರಿಗೆ ಎಷ್ಟು ಗಂಟೆ ಎಂದು ಬರೆಯಿರಿ. ಮುಂದಿನ ಲೆಕ್ಕವೆಲ್ಲ ಈ ಹಾಳೆಯ ಮೇಲೆಯೇ ನಿಂತಿದೆ.

ಇಲ್ಲೊಂದು ಗೊಂದಲ ಬಿಡಿಸಬೇಕು. ‘ಪಿಎಂ ಸೂರ್ಯ ಘರ್’ ಯೋಜನೆಯಲ್ಲಿ ಚಾವಣಿಗೆ ಹಾಕಿಸುವ ಗ್ರಿಡ್ ಜೋಡಣೆಯ (ಹೆಸ್ಕಾಂ ಲೈನಿಗೆ ಕೂಡಿಸಿದ) ಪ್ಯಾನೆಲ್‌ಗಳಿಗೆ 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಅಥವಾ ಹೆಚ್ಚಿಗೆ 78,000 ರೂಪಾಯಿ ಸಹಾಯಧನವಿದೆ. ಆದರೆ ಬ್ಯಾಟರಿ ಇಲ್ಲದ ಆ ವ್ಯವಸ್ಥೆ ಕರೆಂಟು ಹೋದ ಕ್ಷಣ ತಾನೂ ನಿಲ್ಲುತ್ತದೆ. ಲೈನ್ ದುರಸ್ತಿ ಮಾಡುವವರ ಜೀವ ಉಳಿಸಲು ಹಾಗೆ ಮಾಡಿದ್ದಾರೆ. ಕತ್ತಲೆಯಲ್ಲಿ ದೀಪ ಬೇಕೆಂದರೆ ಬ್ಯಾಟರಿ ಬೇಕೇ ಬೇಕು.

ಹಂತ 3: ನೆರಳು ನೋಡಿ

ಅತಿ ಹೆಚ್ಚು ಜನ ಸೋಲುವುದು ಈ ಹಂತದಲ್ಲಿ. ಹುಬ್ಬಳ್ಳಿ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೆಯ ವಾರದವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಸ್ವಲ್ಪ ಉತ್ತರಕ್ಕಿರುತ್ತಾನೆ. ಆಗ ನೆರಳು ಬಹಳ ಚಿಕ್ಕದು, ಎಲ್ಲಿ ಪ್ಯಾನೆಲ್ ಇಟ್ಟರೂ ಬಿಸಿಲು ಬೀಳುತ್ತದೆ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ, ನಡುಮಧ್ಯಾಹ್ನವೂ 51 ಡಿಗ್ರಿಗಿಂತ ಮೇಲೇರುವುದಿಲ್ಲ. ಮೂರು ಅಡಿಯ ಪ್ಯಾರಾಪೆಟ್ ಗೋಡೆ ಆಗ ಮಧ್ಯಾಹ್ನ ಎರಡೂವರೆ ಅಡಿ, ಬೆಳಿಗ್ಗೆ 9.30ರ ಸುಮಾರಿಗೆ ಐದು ಅಡಿ ನೆರಳು ಚೆಲ್ಲುತ್ತದೆ. ಬೇಸಿಗೆಯಲ್ಲಿ ನೋಡಿ ಮೆಚ್ಚಿದ ಮೂಲೆ ಚಳಿಗಾಲದಲ್ಲಿ ಅರ್ಧ ದಿನ ಕತ್ತಲಾಗುವುದು ಹೀಗೆ.

ಮಾಡಬೇಕಾದದ್ದು ಇಷ್ಟು. ಪ್ಯಾನೆಲ್ ಇಡಬೇಕೆಂದಿರುವ ಜಾಗದಲ್ಲಿ ಒಂದು ಹಲಗೆ ಇಟ್ಟು, ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಗಂಟೆಗೊಮ್ಮೆ ಅದರ ಮೊಬೈಲ್ ಫೋಟೊ ತೆಗೆಯಿರಿ. ಹಲಗೆಯ ದಕ್ಷಿಣಕ್ಕೆ ನೀರಿನ ಟ್ಯಾಂಕ್, ಡಿಶ್, ತೆಂಗಿನ ಮರ, ಪಕ್ಕದ ಮನೆಯ ಮೇಲಂತಸ್ತು ಇದ್ದರೆ ಅದರ ಎತ್ತರದ ಒಂದೂವರೆ ಪಟ್ಟಿಗಿಂತ ಹೆಚ್ಚು ದೂರ ಸರಿಯಿರಿ. ತೆಂಗಿನ ಒಂದು ಗರಿಯ ನೆರಳನ್ನೂ ಹಗುರವಾಗಿ ಕಾಣಬೇಡಿ. ಪ್ಯಾನೆಲ್‌ನೊಳಗಿನ ಸೆಲ್‌ಗಳು ಒಂದರ ಹಿಂದೊಂದು ಜೋಡಣೆಯಾಗಿರುವುದರಿಂದ ಒಂದೆರಡು ಸೆಲ್ ಮುಚ್ಚಿದರೂ ಉತ್ಪಾದನೆ ಅರ್ಧಕ್ಕೆ ಇಳಿಯಬಹುದು.

ದೀಪ ಇರುವಲ್ಲೇ ಪ್ಯಾನೆಲ್ ಇರಬೇಕೆಂಬ ನಿಯಮವಿಲ್ಲ. ಮಾವಿನ ಮರದ ಕೆಳಗೆ ದೀಪ ಬೇಕಿದ್ದರೆ ಪ್ಯಾನೆಲ್ ಚಾವಣಿಯ ಮೇಲಿರಲಿ, ಮರದ ಬುಡಕ್ಕೆ ತಂತಿ ಹೋಗಲಿ. ನೆಲಕ್ಕೆ ಚುಚ್ಚುವ, ತಲೆಯ ಮೇಲೇ ಪ್ಯಾನೆಲ್ ಹೊತ್ತ ಸಣ್ಣ ದೀಪಗಳು ಪೂರ್ತಿ ತೆರೆದ ಅಂಗಳಕ್ಕೆ ಮಾತ್ರ.

ಹಂತ 4: ಲೆಕ್ಕ ಹಾಕಿ

ಒಂದು ಸಾಧಾರಣ ಮನೆಯ ಹಾಳೆ ಹೀಗಿರುತ್ತದೆ ಎಂದುಕೊಳ್ಳಿ. ಗೇಟಿಗೆ 5 ವ್ಯಾಟ್ ದೀಪ ರಾತ್ರಿಯಿಡೀ 12 ಗಂಟೆ: 60 ವ್ಯಾಟ್-ಅವರ್. ದಾರಿಗೆ 2 ವ್ಯಾಟ್‌ನ ನಾಲ್ಕು ದೀಪ, ಆರು ಗಂಟೆ: 48. ಹಿತ್ತಲಿಗೆ 9 ವ್ಯಾಟ್, ಎರಡು ಗಂಟೆ: 18. ಒಟ್ಟು 126 ವ್ಯಾಟ್-ಅವರ್.

ಪ್ಯಾನೆಲ್: ಬೇಸಿಗೆಯಲ್ಲಿ ನಮ್ಮಲ್ಲಿ ಐದು ಗಂಟೆಯ ಪೂರ್ಣ ಬಿಸಿಲಿಗೆ ಸಮನಾದ ಶಕ್ತಿ ಸಿಗುತ್ತದೆ. ಅದನ್ನು ನಂಬಿ ಲೆಕ್ಕ ಹಾಕಿದವರ ದೀಪವೇ ಆಷಾಢದಲ್ಲಿ ಆರುವುದು. ಮೂರು ಗಂಟೆ ಎಂದೇ ಹಿಡಿಯಿರಿ. 126ನ್ನು 3ರಿಂದ ಭಾಗಿಸಿದರೆ 42; ಧೂಳು, ಶಾಖ, ತಂತಿ, ಬ್ಯಾಟರಿಗಳ ನಷ್ಟಕ್ಕೆ ಅದರ ಅರ್ಧ ಸೇರಿಸಿದರೆ 63. ಅಂಗಡಿಯಲ್ಲಿ ಸಿಗುವ 75 ವ್ಯಾಟ್ ಪ್ಯಾನೆಲ್ ಸರಿಹೋಗುತ್ತದೆ.

ಬ್ಯಾಟರಿ: ಹಗೇವಿನಿಂದ ತುಂಬಿದ್ದಕ್ಕಿಂತ ಹೆಚ್ಚು ಜೋಳ ತೆಗೆಯಲು ಬರುವುದಿಲ್ಲ, ತಳದವರೆಗೆ ಬಳಿದರೆ ಮುಂದಿನ ವರ್ಷದ ಬೀಜಕ್ಕೂ ಇರುವುದಿಲ್ಲ, ಬ್ಯಾಟರಿಯೂ ಹಾಗೆಯೇ. ರೋಣ, ನರಗುಂದ, ನವಲಗುಂದದ ಬಯಲಿನಲ್ಲಿ ಬಿಸಿಲಿಲ್ಲದ ಎರಡು ರಾತ್ರಿಗೆ, ಕಲಘಟಗಿ, ಅಳ್ನಾವರ, ಹಾನಗಲ್‌ನಂಥ ಮಲೆನಾಡಿನ ಅಂಚಿನಲ್ಲಿ ಮೂರು ರಾತ್ರಿಗೆ ಸಾಕಾಗುವಷ್ಟು ಹಿಡಿಯಿರಿ. ಎರಡು ರಾತ್ರಿಗೆ 252 ವ್ಯಾಟ್-ಅವರ್. 12.8 ವೋಲ್ಟ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಶೇ 80ರಷ್ಟು ಬಳಸಬಹುದು. ಹಾಗಾಗಿ 252ನ್ನು 0.8ರಿಂದ, ಬಂದದ್ದನ್ನು 12.8 ವೋಲ್ಟ್‌ನಿಂದ ಭಾಗಿಸಿದರೆ ಸುಮಾರು 25 ಆಂಪಿಯರ್-ಅವರ್ ಬೇಕು, 30ರದು ಕೊಳ್ಳಿ. ಮೂರು ರಾತ್ರಿಗಾದರೆ 40ರದು. ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸಬಾರದು. ಆದ್ದರಿಂದ ಎರಡು ರಾತ್ರಿಗೆ 42 ಆಂಪಿಯರ್-ಅವರ್‌ಗಿಂತ ಕಡಿಮೆಯದು ಬೇಡ. ಹೊಸದಾಗಿ ಹಾಕುವವರಿಗೆ ಲಿಥಿಯಂ ಐರನ್ ಫಾಸ್ಫೇಟ್ ಒಳ್ಳೆಯದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಮೊದಲ ಖರ್ಚು ಹೆಚ್ಚು, ಆದರೆ ನೀರು ಹಾಕುವ ಕೆಲಸವಿಲ್ಲ, ಬಾಳಿಕೆಯೂ ಹೆಚ್ಚು.

ಚಾರ್ಜ್ ಕಂಟ್ರೋಲರ್: ಪ್ಯಾನೆಲ್, ಬ್ಯಾಟರಿ, ದೀಪಗಳ ನಡುವೆ ನಿಂತು ಚಾರ್ಜ್ ನಿಯಂತ್ರಿಸುವ ಡಬ್ಬಿ ಇದು. 75 ವ್ಯಾಟ್ ಪ್ಯಾನೆಲ್ ಸುಮಾರು 18 ವೋಲ್ಟ್‌ನಲ್ಲಿ 4 ಆಂಪಿಯರ್ ಚಿಲ್ಲರೆ ಕೊಡುತ್ತದೆ. 10 ಆಂಪಿಯರ್‌ನ ಕಂಟ್ರೋಲರ್ ಸಾಕು.

ಹಂತ 5: ಈಗ ಖರೀದಿ

ಪ್ಯಾನೆಲ್, ಬ್ಯಾಟರಿ, ದೀಪ ಎಲ್ಲ ಒಂದರಲ್ಲೇ ಇರುವ ದೀಪಗಳ ಡಬ್ಬಿಯ ಮೇಲೆ ‘200 ವ್ಯಾಟ್’, ‘300 ವ್ಯಾಟ್’ ಎಂದು ಬರೆದಿರುತ್ತದೆ. ಆ ಸಂಖ್ಯೆಯನ್ನು ನಂಬಬೇಡಿ, ಪ್ಯಾನೆಲ್ ಅಳೆಯಿರಿ. ಉದ್ದ ಮತ್ತು ಅಗಲವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 50ರಿಂದ ಭಾಗಿಸಿದರೆ ಆ ಪ್ಯಾನೆಲ್ ಉರಿಬಿಸಿಲಿನಲ್ಲಿ ಕೊಡಬಹುದಾದ ಹೆಚ್ಚೆಂದರೆ ಎಷ್ಟು ವ್ಯಾಟ್ ಎಂಬುದು ಸಿಗುತ್ತದೆ. 35 ಸೆಂ.ಮೀ. ಉದ್ದ, 25 ಸೆಂ.ಮೀ. ಅಗಲದ ಪ್ಯಾನೆಲ್‌ಗೆ ಉತ್ತರ 17.5. ಬೇಸಿಗೆಯ ದಿನದಲ್ಲೂ ಅದು ತುಂಬುವುದು 85 ವ್ಯಾಟ್-ಅವರ್‌ನಷ್ಟು. ಹನ್ನೆರಡು ಗಂಟೆ ಉರಿಯಬೇಕೆಂದರೆ ದೀಪ ಏಳು ವ್ಯಾಟ್‌ನದಾಗಿರಬೇಕು. ಡಬ್ಬಿಯ ಮೇಲೆ ಏನೇ ಬರೆದಿರಲಿ, ಅದು ಏಳು ವ್ಯಾಟ್ ದೀಪವೇ.

ಮಳೆಗೆ ತೆರೆದಿರುವ ದೀಪಕ್ಕೆ ಐಪಿ 65 ಗುರುತು ಬೇಕು. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ನಮ್ಮ ಬೇಸಿಗೆಯ ಧೂಳಿಗೆ ಮೊದಲ ಅಂಕಿ 6 ಇರುವುದೂ ಅಷ್ಟೇ ಮುಖ್ಯ. ಸೂರಿನಡಿಯ ದೀಪಕ್ಕೆ ಐಪಿ 44 ನಡೆಯುತ್ತದೆ.

ಹಂತ 6: ಪ್ಯಾನೆಲ್ ಕೂರಿಸುವುದು

ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ 15 ಡಿಗ್ರಿ ವಾಲಿರಬೇಕು. ಮೂರು ಅಡಿ ಉದ್ದದ ಪ್ಯಾನೆಲ್ ಆದರೆ ಉತ್ತರದ ಅಂಚು ಒಂದು ಗೇಣು, ಅಂದರೆ ಒಂಬತ್ತು ಇಂಚು ಎತ್ತರವಿದ್ದರೆ ಆಯಿತು. ದಿಕ್ಕನ್ನು ಮೊಬೈಲ್ ದಿಕ್ಸೂಚಿಯಲ್ಲಿ ನೋಡುವವರು ತಗಡಿನ ಚಾವಣಿಯ ಮೇಲೆ ನಿಂತು ನೋಡಬೇಡಿ, ಕಬ್ಬಿಣ ಅದನ್ನು ದಾರಿ ತಪ್ಪಿಸುತ್ತದೆ. ಕೆಳಗೆ ನೆಲದ ಮೇಲೆ ನೋಡಿ ಗುರುತು ಹಾಕಿಕೊಳ್ಳಿ.

ತಗಡಿನ ಮೇಲೆ ಪ್ಯಾನೆಲ್ ಅನ್ನು ಅಂಟಿಸಿದಂತೆ ಮಲಗಿಸಬಾರದು. ಪ್ಯಾನೆಲ್ ಬಿಸಿಯಾದಷ್ಟೂ ಉತ್ಪಾದನೆ ಕುಗ್ಗುತ್ತದೆ, 25 ಡಿಗ್ರಿಯ ಮೇಲೆ ಪ್ರತಿ ಡಿಗ್ರಿಗೆ ಸುಮಾರು ಶೇ 0.4ರಷ್ಟು. ಕೆಳಗೆ ನಾಲ್ಕು ಇಂಚು ಗಾಳಿ ಆಡಲಿ. ಮಣ್ಣಿನ ಮಾಳಿಗೆಗೆ ರಂಧ್ರ ಕೊರೆಯಲೇಬೇಡಿ, ಮಳೆಗಾಲದಲ್ಲಿ ಅಲ್ಲೇ ಸೋರುತ್ತದೆ. ಸಿಮೆಂಟ್ ಇಟ್ಟಿಗೆಗಳ ಭಾರದ ಮೇಲೆ ನಿಲ್ಲುವ ಕಬ್ಬಿಣದ ಚೌಕಟ್ಟು ಮಾಡಿಸಿ. ಗದಗ ಸೀಮೆಯ ಗಾಳಿ ಎಷ್ಟೆಂದು ತಿಳಿಯಲು ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡಿದರೆ ಸಾಕು. ಚೌಕಟ್ಟಿನ ಭಾರದಲ್ಲಿ ಜಿಪುಣತನ ಬೇಡ.

ಹಂತ 7: ಎರೆಮಣ್ಣಿನಲ್ಲಿ ಕಂಬ ನಿಲ್ಲಿಸುವುದು

ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಅದರಲ್ಲಿ ಚುಚ್ಚಿದ ಪ್ಲಾಸ್ಟಿಕ್ ಗೂಟ ಸಂಕ್ರಾಂತಿಗೆ ನೇರವಾಗಿದ್ದದ್ದು ಏಪ್ರಿಲ್‌ಗೆ ಬಿರುಕಿನ ಕಡೆಗೆ ವಾಲಿರುತ್ತದೆ, ಅದರ ಪ್ಯಾನೆಲ್ ಉತ್ತರಕ್ಕೋ ಪೂರ್ವಕ್ಕೋ ತಿರುಗಿರುತ್ತದೆ. ಸಣ್ಣ ದೀಪಗಳಿಗೆ ಒಂದೂವರೆ ಅಡಿ ಆಳದ ಗುಂಡಿ ತೋಡಿ, ಎರೆಮಣ್ಣನ್ನು ಪೂರ್ತಿ ತೆಗೆದು, ತಳಕ್ಕೆ ಗರಸು ಹಾಕಿ ಗುದ್ದಿ, ನಡುವೆ ಪಿವಿಸಿ ಪೈಪಿನ ತುಂಡು ನಿಲ್ಲಿಸಿ ಸುತ್ತ ಕಾಂಕ್ರೀಟ್ ತುಂಬಿ. ದೀಪದ ಗೂಟ ಆ ಪೈಪಿನೊಳಗೆ ನಿಲ್ಲುತ್ತದೆ, ಬೇಕೆಂದಾಗ ಎತ್ತಿ ತೆಗೆಯಬಹುದು. ಎಂಟು-ಹತ್ತು ಅಡಿಯ ಕಂಬಕ್ಕೆ ಎರಡೂವರೆ ಅಡಿಗೆ ಕಡಿಮೆಯಿಲ್ಲದ ಗುಂಡಿ, ಖಡಿ-ಸಿಮೆಂಟಿನ ಬುಡ ಬೇಕು. ರಸಮಟ್ಟ ಇಟ್ಟು ಎರಡು ಬದಿಯಿಂದ ನೋಡಿ. ಕಾಂಕ್ರೀಟ್‌ಗೆ ಒಂದು ವಾರ ನೀರುಣಿಸಿದ ಮೇಲೆಯೇ ದೀಪ ಏರಿಸಿ. ಧಾರವಾಡದ ಪಶ್ಚಿಮಕ್ಕಿರುವ ಕೆಂಪು ಮಣ್ಣಿನಲ್ಲಿ ಇಷ್ಟೆಲ್ಲ ಬೇಕಿಲ್ಲ.

ನೆಲದಡಿಯ ತಂತಿಯನ್ನೂ ಈ ಮಣ್ಣು ಎಳೆಯುತ್ತದೆ. ತಂತಿ ಪೈಪಿನೊಳಗೇ ಹೋಗಲಿ, ಪ್ರತಿ ಕಂಬದ ಬುಡದಲ್ಲಿ ಒಂದು ಅಡಿ ಸಡಿಲು ಸುತ್ತಿ ಬಿಡಿ. ಜೋಡಣೆಗಳು ಮಣ್ಣೊಳಗೆ ಬೇಡ, ನೆಲದ ಮೇಲಿನ ಡಬ್ಬಿಯಲ್ಲಿರಲಿ.

ಹಂತ 8: ತಂತಿಯ ದಪ್ಪ

12 ವೋಲ್ಟ್ ವ್ಯವಸ್ಥೆಯಲ್ಲಿ ಸಣಕಲು ತಂತಿ ಸಲ್ಲದು. ಪ್ಯಾನೆಲ್‌ನಿಂದ ಕಂಟ್ರೋಲರ್ 10 ಮೀಟರ್ ದೂರವಿದ್ದು, 1 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ 4 ಆಂಪಿಯರ್ ಹರಿದರೆ ಸುಮಾರು ಒಂದೂವರೆ ವೋಲ್ಟ್ ತಂತಿಯಲ್ಲೇ ಕರಗುತ್ತದೆ. 4 ಚದರ ಮಿ.ಮೀ. ಸೋಲಾರ್ ಕೇಬಲ್ ಹಾಕಿದರೆ ನಷ್ಟ ಅರ್ಧ ವೋಲ್ಟ್‌ಗೂ ಕಡಿಮೆ. ಹೆಸ್ಕಾಂ ವಿದ್ಯುತ್ತಿನ ತಂತಿಯನ್ನೂ 12 ವೋಲ್ಟ್ ತಂತಿಯನ್ನೂ ಒಂದೇ ಪೈಪಿನಲ್ಲಿ ಎಂದಿಗೂ ಎಳೆಯಬೇಡಿ. ತೋಟಕ್ಕೆ 230 ವೋಲ್ಟ್ ದೀಪ ಬೇಕೇಬೇಕೆಂದರೆ ಎಲೆಕ್ಟ್ರಿಷಿಯನ್ ಕರೆಸಿ, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಕರೆಂಟು ಕಡಿಯುವ ಸ್ವಿಚ್ಚು) ಹಾಕಿಸಿ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಓಡಾಡುವ ಮಕ್ಕಳಿರುವ ಮನೆಯಲ್ಲಿ ಇದಕ್ಕೆ ವಿನಾಯಿತಿ ಇಲ್ಲ.

ಹಂತ 9: ಜೋಡಣೆಯ ಕ್ರಮ

ಕೈಯ ಉಂಗುರ, ಬಳೆ, ಗಡಿಯಾರ ತೆಗೆದಿಡಿ. ಬ್ಯಾಟರಿಯ ಎರಡು ತುದಿಗಳ ನಡುವೆ ಉಂಗುರ ಸಿಕ್ಕಿಬಿದ್ದರೆ ಕ್ಷಣದಲ್ಲಿ ಕೆಂಪಗೆ ಕಾದು ಬೆರಳು ಸುಡುತ್ತದೆ. ಪ್ಯಾನೆಲ್ ಮೇಲೆ ಗೋಣಿಚೀಲ ಹೊದಿಸಿ.

ಮೊದಲು ಬ್ಯಾಟರಿಯನ್ನು ಕಂಟ್ರೋಲರ್‌ಗೆ ಜೋಡಿಸಿ. ಬ್ಯಾಟರಿಯ ಧನ ತುದಿಯ ಪಕ್ಕದಲ್ಲೇ ಫ್ಯೂಸ್ ಇರಬೇಕು. ನಮ್ಮ ಉದಾಹರಣೆಗೆ 10 ಆಂಪಿಯರ್‌ನದು. ಕಂಟ್ರೋಲರ್‌ನ ಪರದೆ ಬೆಳಗಿ ವೋಲ್ಟ್ ತೋರಿಸಿದ ನಂತರ ಪ್ಯಾನೆಲ್ ಜೋಡಿಸಿ, ಕೊನೆಗೆ ದೀಪ. ಬಿಚ್ಚುವಾಗ ಉಲ್ಟಾ: ದೀಪ, ಪ್ಯಾನೆಲ್, ಬ್ಯಾಟರಿ. ಕಂಟ್ರೋಲರ್ ತಾನು ಎಷ್ಟು ವೋಲ್ಟ್‌ನ ವ್ಯವಸ್ಥೆಯಲ್ಲಿದ್ದೇನೆ ಎಂದು ತಿಳಿಯುವುದು ಬ್ಯಾಟರಿಯಿಂದ. ಬ್ಯಾಟರಿ ಇಲ್ಲದೆ ಪ್ಯಾನೆಲ್‌ನ 21-22 ವೋಲ್ಟ್ ನೇರ ನುಗ್ಗಿದರೆ ಕಂಟ್ರೋಲರ್ ಸುಟ್ಟುಹೋಗಬಹುದು, ಜೊತೆಗೆ ದೀಪಗಳೂ. ಹೊಸ ಕಂಟ್ರೋಲರ್ ಮೊದಲ ದಿನವೇ ಹೋಯಿತೆಂದರೆ ನಾನು ಮೊದಲು ಅನುಮಾನಿಸುವುದು ಈ ಕ್ರಮವನ್ನು.

ಆಮೇಲೆ ಕಂಟ್ರೋಲರ್‌ನಲ್ಲಿ ಬ್ಯಾಟರಿಯ ಬಗೆ ಆರಿಸಿ. ಲಿಥಿಯಂ ಬ್ಯಾಟರಿ ಇಟ್ಟು ಸೀಸ-ಆಮ್ಲದ ಆಯ್ಕೆ ಬಿಟ್ಟರೆ ಅಥವಾ ಅದಲು ಬದಲಾದರೆ ಬ್ಯಾಟರಿಯ ಆಯುಷ್ಯ ಕುಗ್ಗುತ್ತದೆ. ಸೀಸ-ಆಮ್ಲದ್ದಾದರೆ ದೀಪ ಕಡಿತಗೊಳ್ಳುವ ಮಟ್ಟವನ್ನು 11.8 ವೋಲ್ಟ್‌ಗೆ ಏರಿಸಿ. ಅಂಥ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಾಡುವ ಕಡೆ ಇಡಿ, ಹತ್ತಿರ ಊದಿನಕಡ್ಡಿಯೂ ಬೇಡ.

ಮೊದಲ ಎರಡು ಬಿಸಿಲಿನ ದಿನ ದೀಪ ಹೊತ್ತಿಸದೆ ಬ್ಯಾಟರಿ ಪೂರ್ತಿ ತುಂಬಲು ಬಿಡಿ.

ಹಂತ 10: ಹೊತ್ತು ಮತ್ತು ಬೆಳಕಿನ ಹೊಂದಾಣಿಕೆ

ಸಂಜೆಯಾಯಿತೆಂದು ಕಂಟ್ರೋಲರ್‌ಗೆ ತಿಳಿಯುವುದು ಪ್ಯಾನೆಲ್‌ನ ವೋಲ್ಟ್ ಬಿದ್ದಾಗ. ಬೀದಿದೀಪದ ಬೆಳಕು ಪ್ಯಾನೆಲ್ ಮೇಲೆ ನೇರ ಬಿದ್ದರೆ ನಿಮ್ಮ ದೀಪ ಹೊತ್ತುವುದೇ ಇಲ್ಲ. ತನ್ನದೇ ಬೆಳಕು ಬಿದ್ದರೆ ಹೊತ್ತಿ ಆರಿ ಮಿಟುಕುತ್ತದೆ. ಎರಡಕ್ಕೂ ಮದ್ದು ಒಂದೇ, ಪ್ಯಾನೆಲ್ ಸರಿಸುವುದು. ಹಗಲಲ್ಲಿ ಪರೀಕ್ಷಿಸಲು ಪ್ಯಾನೆಲ್ ಮೇಲೆ ಗೋಣಿ ಹೊದಿಸಿ ಕೆಲವು ನಿಮಿಷ ಕಾಯಿರಿ.

ದಾರಿಯ ದೀಪ ಹತ್ತೂವರೆ, ಹನ್ನೊಂದಕ್ಕೆ ಆರುವಂತೆ ಇಡಿ. ಇದು ಬ್ಯಾಟರಿಗಷ್ಟೇ ಅಲ್ಲ, ಗಿಡಗಳಿಗೂ ಬೇಕು. ಸೇವಂತಿಗೆ ಮೊಗ್ಗು ಕಟ್ಟುವುದು ರಾತ್ರಿ ದೀರ್ಘವಾದಾಗ. ಮಡಿಯ ಮೇಲೆ ರಾತ್ರಿಯಿಡೀ ಬೆಳಕು ಬಿದ್ದರೆ ಗಿಡ ಎಲೆ ಬಿಡುತ್ತಾ ಹೋಗುತ್ತದೆ, ಹೂವು ತಡವಾಗುತ್ತದೆ. ‘ಗೊಬ್ಬರ ಹಾಕಿದರೂ ಹೂವಿಲ್ಲ’ ಎನ್ನುವವರು ಒಮ್ಮೆ ದೀಪದ ಮುಖ ಎತ್ತ ಇದೆ ನೋಡಿ. ಮೊದಲ ಮಳೆ ಬಿದ್ದ ಸಂಜೆ ಮುತ್ತುವ ರೆಕ್ಕೆಹುಳುಗಳೂ ಬಿಳಿ ಬೆಳಕಿಗಿಂತ ಹಳದಿ ಬೆಳಕಿಗೆ ಕಡಿಮೆ ಬರುತ್ತವೆ. ದೀಪ ನೆಲ ನೋಡುವಂತಿರಲಿ.

ಹಂತ 11: ಆರೈಕೆ

ಡಿಸೆಂಬರ್‌ನಿಂದ ಮೇ ವರೆಗೆ ಹದಿನೈದು ದಿನಕ್ಕೊಮ್ಮೆ ಪ್ಯಾನೆಲ್ ಒರೆಸಿ. ಬೆಳಿಗ್ಗೆ ಬೇಗ ಅಥವಾ ಸಂಜೆ ಮಾಡಿ, ಕಾದ ಗಾಜಿನ ಮೇಲೆ ತಣ್ಣೀರು ಬೇಡ. ಕೊಳವೆಬಾವಿಯ ಗಡಸು ನೀರು ಒಣಗಿದ ಮೇಲೆ ಬಿಳಿ ಪೊರೆ ಬಿಡುತ್ತದೆ, ನಲ್ಲಿಯ ಹೊಳೆ ನೀರು ಅಥವಾ ಮಳೆ ನೀರು ಬಳಸಿ, ಮೆತ್ತನೆಯ ಬಟ್ಟೆಯಿಂದ ಒರೆಸಿ. ಕಾರಹುಣ್ಣಿಮೆಗೆ ಮುನ್ನ ಒಮ್ಮೆ ಬೋಲ್ಟ್‌ಗಳನ್ನು ಬಿಗಿ ಮಾಡಿ, ಮರದ ರೆಂಬೆ ಸವರಿ, ಸೀಸ-ಆಮ್ಲದ ಬ್ಯಾಟರಿಗೆ ಡಿಸ್ಟಿಲ್ಡ್ ನೀರು ತುಂಬಿ.

ಸಣ್ಣ ದೀಪಗಳ ಬ್ಯಾಟರಿ ಬದಲಿಸುವಾಗ ಹಳೆಯದರ ಮೇಲಿನ ಅಕ್ಷರ ಓದಿ. 1.2 ವೋಲ್ಟ್‌ನದು ನಿಕ್ಕಲ್, 3.2 ವೋಲ್ಟ್‌ನದು ಲಿಥಿಯಂ ಐರನ್ ಫಾಸ್ಫೇಟ್, 3.7 ವೋಲ್ಟ್‌ನದು ಲಿಥಿಯಂ ಅಯಾನ್. ಗಾತ್ರ ಒಂದೇ ಇದ್ದರೂ ಒಂದರ ಜಾಗಕ್ಕೆ ಇನ್ನೊಂದು ಹಾಕುವಂತಿಲ್ಲ. 3.7ರ ಸೆಲ್‌ಗಾಗಿ ಮಾಡಿದ ಚಾರ್ಜರ್ 4.2 ವೋಲ್ಟ್‌ವರೆಗೆ ತುಂಬಿಸುತ್ತದೆ, 3.2ರ ಸೆಲ್ 3.65ಕ್ಕೇ ಭರ್ತಿ.

ಎಚ್ಚರಿಕೆಯ ಲಕ್ಷಣಗಳು

ಬಿಸಿಲಲ್ಲಿ, ತಂತಿ ಬಿಚ್ಚಿದ 12 ವೋಲ್ಟ್ ಪ್ಯಾನೆಲ್‌ನ ತುದಿಗಳಲ್ಲಿ 20 ವೋಲ್ಟ್ ಸುತ್ತ ಬರಬೇಕು. ಬಂದರೂ ದೀಪ ಬೇಗ ಆರಿದರೆ ನೆರಳು, ಧೂಳು ಅಥವಾ ಬ್ಯಾಟರಿ ನೋಡಿ. ಪೂರ್ತಿ ತುಂಬಿ ಕೆಲವು ಗಂಟೆ ವಿಶ್ರಾಂತಿ ಪಡೆದ ಸೀಸ-ಆಮ್ಲದ ಬ್ಯಾಟರಿ 12.6 ವೋಲ್ಟ್‌ಗಿಂತ ಬಹಳ ಕೆಳಗಿದ್ದರೆ ಅದರ ಕಾಲ ಮುಗಿಯುತ್ತಿದೆ.

ಕನೆಕ್ಟರ್ ಕಂದು ಬಣ್ಣಕ್ಕೆ ತಿರುಗಿದ್ದರೆ ಅಥವಾ ಮುಟ್ಟಿದರೆ ಸುಡುತ್ತಿದ್ದರೆ ಜೋಡಣೆ ಸಡಿಲವಾಗಿದೆ. ಗೋಣಿ ಹೊದಿಸಿ, ಕ್ರಮವಾಗಿ ಬಿಚ್ಚಿ, ಹೊಸದು ಹಾಕಿ. ದೀಪದ ಗಾಜಿನೊಳಗೆ ಬೆಳಿಗ್ಗೆ ಮಂಜು ಕಟ್ಟಿದ್ದರೆ ರಬ್ಬರ್ ಸೋತಿದೆ, ನೀರು ಒಳಗಿಳಿಯುವ ಮುನ್ನ ತೆಗೆದು ಒಣಗಿಸಿ. ಬ್ಯಾಟರಿಯಿಂದ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಅತಿಯಾಗಿ ಚಾರ್ಜ್ ಆಗುತ್ತಿದೆ. ಕೂಡಲೇ ಪ್ಯಾನೆಲ್ ಮೇಲೆ ಗೋಣಿ ಹೊದಿಸಿ ಚಾರ್ಜಿಂಗ್ ನಿಲ್ಲಿಸಿ, ಕಿಟಕಿ ತೆರೆಯಿರಿ, ಯಾವ ಸ್ವಿಚ್ಚನ್ನೂ ಬೆಂಕಿಯನ್ನೂ ಮುಟ್ಟಬೇಡಿ, ವಾಸನೆ ಹೋದ ಮೇಲೆ ತಂತಿ ಬಿಚ್ಚಿ.

ಊದಿಕೊಂಡ ಲಿಥಿಯಂ ಸೆಲ್ ಅನ್ನು ಅದುಮಬೇಡಿ, ಮತ್ತೆ ಚಾರ್ಜ್ ಮಾಡಬೇಡಿ. ಮನೆಯ ಹೊರಗೆ ಒಣ ಮರಳು ತುಂಬಿದ ಡಬ್ಬಿಯಲ್ಲಿಟ್ಟು ಹಳೆಯ ಬ್ಯಾಟರಿ ಸ್ವೀಕರಿಸುವ ಕೇಂದ್ರಕ್ಕೆ ತಲುಪಿಸಿ, ಕಸದ ಗಾಡಿಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯದನ್ನು ಮರಳಿ ಸಂಗ್ರಹಿಸುವ ಹೊಣೆ ತಯಾರಕರದು. ಸೀಸ-ಆಮ್ಲದ ಹಳೆಯ ಬ್ಯಾಟರಿಯನ್ನು ಗುಜರಿಗೆ ಕೊಡುವ ಬದಲು ಹೊಸದು ಕೊಳ್ಳುವ ಅಂಗಡಿಗೇ ಒಯ್ಯಿರಿ, ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆಯುತ್ತಾರೆ.